ಚಕ್ರವಿಲ್ಲದೆ ನೆಲಕ್ಕಿಳಿದ ವಿಮಾನ: ಐವರ ಜೀವ ಉಳಿದ ಬಗೆ

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿ ಪರಿಸರದಲ್ಲಿ ನೆಲೆಸಿರುವ ನಮ್ಮ ಕನ್ನಡಿಗ ಕುಟುಂಬಗಳಿಗೆ ವಿಮಾನವೆಂಬುದು ಈಗ ದೂರದ ಬೆರಗಿನ ವಸ್ತುವಾಗಿ ಉಳಿದಿಲ್ಲ. ಊರಿನ ಮದುವೆಗೋ ದೈವಕಾರ್ಯಕ್ಕೋ ಮಂಗಳೂರಿಗೆ, ಹುಬ್ಬಳ್ಳಿಗೆ, ಬೆಂಗಳೂರಿಗೆ ಹಾರಿಹೋಗಿ ಎರಡು ದಿನಗಳಲ್ಲಿ ಹಿಂದಿರುಗುವವರು ನಮ್ಮಲ್ಲಿ ಬಹಳಷ್ಟು ಮಂದಿ ಇದ್ದಾರೆ. 2025ರ ಡಿಸೆಂಬರ್ 25ರಂದು ನವಿಮುಂಬಯಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕ ಸಂಚಾರ ಆರಂಭವಾದ ಬಳಿಕ ಉಲ್ವೆ, ಪನ್ವೇಲ್, ಖಾರ್‌ಘರ್‌ನವರಿಗಂತೂ ವಿಮಾನವು ಮನೆಯಂಗಳಕ್ಕೇ ಬಂದಂತಾಗಿದೆ. ಇತ್ತ ಪೂರ್ವ ದಿಕ್ಕಿನಿಂದ ಮುಂಬಯಿಯ ಹಳೆಯ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಕೋಪರ್‌ಖೈರಣೆಯ ಕಡೆಯಿಂದ ಥಾಣೆ ಖಾಡಿಯನ್ನು ದಾಟಿ, ಘಾಟ್ಕೋಪರ್‌ನ ಮನೆಗಳ ಮೇಲಿಂದ ತಗ್ಗಿ ಸಾಗುತ್ತವೆ. ಆ ಹೊತ್ತಿಗೆ ಅವುಗಳ ಹೊಟ್ಟೆಯಿಂದ ಚಕ್ರಗಳು ಕೆಳಗಿಳಿದಿರುವುದನ್ನು ಬಾಲ್ಕನಿಯಲ್ಲಿ ನಿಂತ ಮಕ್ಕಳೂ ಗುರುತಿಸಬಲ್ಲರು.

ಆದರೆ ಆ ಚಕ್ರಗಳು ಇಳಿಯದೆ ಹೋದರೆ? ಅಥವಾ ಇಳಿಸಬೇಕಾದ ಚಕ್ರವೇ ಎಲ್ಲೋ ಕಳಚಿ ಬಿದ್ದಿದ್ದರೆ? ಇದು ಕೇವಲ ಕಲ್ಪನೆಯ ಪ್ರಶ್ನೆಯಲ್ಲ. 2021ರ ಮೇ 6ರ ರಾತ್ರಿ ಮುಂಬಯಿಯಲ್ಲಿಯೇ ಇದಕ್ಕೆ ಉತ್ತರ ದೊರೆಯಿತು.

ಅಂದು ನಡೆದುದೇನು?

ಅದು ಕೊರೊನಾ ಎರಡನೇ ಅಲೆಯ ಕಡುಕಷ್ಟದ ಕಾಲ. ಅಂದು ಬೀಚ್‌ಕ್ರಾಫ್ಟ್ ಕಿಂಗ್ ಏರ್ ಸಿ-90 ಎಂಬ ಪುಟ್ಟ ವಿಮಾನವೊಂದು ರೋಗಿಯೊಬ್ಬರನ್ನು ಹೊತ್ತು ನಾಗಪುರದಿಂದ ಹೈದರಾಬಾದಿಗೆ ಹೊರಟಿತ್ತು. ಎರಡು ಪ್ರೊಪೆಲ್ಲರ್ ಎಂಜಿನುಗಳ ಈ ವಿಮಾನವು ಜೆಟ್‌ಸರ್ವ್ ಸಂಸ್ಥೆಯ ಏರ್ ಆಂಬುಲೆನ್ಸ್ ಆಗಿತ್ತು. ಇಬ್ಬರು ವಿಮಾನ ಸಿಬ್ಬಂದಿ, ರೋಗಿ, ವೈದ್ಯರು ಸೇರಿ ಒಳಗಿದ್ದವರು ಒಟ್ಟು ಐವರು. ನಾಗಪುರದ ರನ್‌ವೇಯಿಂದ ಮೇಲಕ್ಕೇರುವ ಹೊತ್ತಿನಲ್ಲಿ ವಿಮಾನದ ಒಂದು ಚಕ್ರ ಕಳಚಿ ನೆಲಕ್ಕುರುಳಿತು. ನಿಲ್ದಾಣದಲ್ಲಿ ಕಾವಲಿಗಿದ್ದ ಸಿ.ಐ.ಎಸ್.ಎಫ್. ಪಡೆಯ ಓರ್ವ ಕಾನ್‌ಸ್ಟೇಬಲ್ ಅದನ್ನು ಕಂಡು ತಡಮಾಡದೆ ವರದಿ ಮಾಡಿದರು.

ವಿಮಾನವು ಹೈದರಾಬಾದಿನ ದಾರಿಯನ್ನು ಬಿಟ್ಟು ಮುಂಬಯಿಯತ್ತ ತಿರುಗಿತು. ಛತ್ರಪತಿ ಶಿವಾಜಿ ಮಹಾರಾಜ್ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಪೂರ್ಣ ಪ್ರಮಾಣದ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ರನ್‌ವೇಯ ಮೇಲೆ ನೊರೆಯ ಹಾಸನ್ನು ಹರಡಲಾಯಿತು. ಅಗ್ನಿಶಾಮಕ ವಾಹನಗಳೂ ವೈದ್ಯಕೀಯ ತಂಡಗಳೂ ಸಜ್ಜಾಗಿ ನಿಂತವು. ರಾತ್ರಿ 9 ಗಂಟೆ ದಾಟಿದ ಕೆಲವು ನಿಮಿಷಗಳಲ್ಲಿ ಕ್ಯಾಪ್ಟನ್ ಕೇಸರಿ ಸಿಂಗ್ ಅವರು ಚಕ್ರಗಳನ್ನು ಹೊರಚಾಚದೆಯೇ ವಿಮಾನವನ್ನು ಹೊಟ್ಟೆಯ ಮೇಲೆ ನೆಲಕ್ಕಿಳಿಸಿದರು. ಬೆಂಕಿ ಹತ್ತಲಿಲ್ಲ. ಐವರೂ ಸುರಕ್ಷಿತವಾಗಿ ಹೊರಬಂದರು. ಅಂದಿನ ನಾಗರಿಕ ವಿಮಾನಯಾನ ಸಚಿವ ಹರ್‌ದೀಪ್ ಸಿಂಗ್ ಪುರಿ ಅವರು ಪೈಲಟರ ಸಮಯಪ್ರಜ್ಞೆಯನ್ನು ಬಹಿರಂಗವಾಗಿ ಶ್ಲಾಘಿಸಿದರು.

ಈ ಸುದ್ದಿಯನ್ನು ಕೇಳಿದಾಗ ಅನೇಕರಿಗೆ 2018ರ ಜೂನ್ 28 ನೆನಪಾಗಿರಬೇಕು. ಅಂದು ಪರೀಕ್ಷಾ ಹಾರಾಟದಲ್ಲಿದ್ದ ಇದೇ ಕಿಂಗ್ ಏರ್ ಸಿ-90 ಜಾತಿಯ ಬೇರೊಂದು ವಿಮಾನ ಘಾಟ್ಕೋಪರ್‌ನ ನಿರ್ಮಾಣ ಹಂತದ ಕಟ್ಟಡವೊಂದರ ಬಳಿ ಅಪ್ಪಳಿಸಿ, ಅದರಲ್ಲಿದ್ದ ನಾಲ್ವರ ಜೊತೆಗೆ ದಾರಿಹೋಕರೊಬ್ಬರೂ ಅಸುನೀಗಿದ್ದರು. ಎರಡೂ ಘಟನೆಗಳ ಸ್ವರೂಪ ಬೇರೆ ಬೇರೆ. ಆದರೂ ವಿಮಾನ ಪುಟ್ಟದಾದ ಮಾತ್ರಕ್ಕೆ ಅದರ ಅಪಾಯ ಪುಟ್ಟದಲ್ಲವೆಂಬುದನ್ನು ನಮ್ಮ ಮಹಾನಗರ ಹೀಗೆ ಕಣ್ಣಾರೆ ಕಂಡಿತ್ತು. ಹಾಗಿರುವಾಗ 2021ರ ಆ ಐವರು ಬದುಕುಳಿದುದು ಬರಿಯ ದೈವಕೃಪೆಯಿಂದಲೇ? ಅಥವಾ ಅದರ ಹಿಂದೆ ಅರಿಯಬೇಕಾದ ಕ್ರಮವೊಂದಿದೆಯೇ?

ಮಡಚುವ ಕಾಲುಗಳು ಏಕೆ ಬೇಕು?

ವಿಮಾನದ ಚಕ್ರ, ಅದನ್ನು ಹೊತ್ತ ಉಕ್ಕಿನ ಕಾಲು, ಆಘಾತ ತಡೆಯುವ ವ್ಯವಸ್ಥೆ, ಬ್ರೇಕು ಇವೆಲ್ಲವನ್ನೂ ಸೇರಿಸಿ ಲ್ಯಾಂಡಿಂಗ್ ಗೇರ್ ಎನ್ನುತ್ತಾರೆ. ಸಾಮಾನ್ಯವಾಗಿ ಮೂಗಿನ ಕೆಳಗೆ ಒಂದು ಕಾಲು, ರೆಕ್ಕೆಗಳ ಬಳಿ ಎಡಬಲಕ್ಕೆ ಒಂದೊಂದು ಮುಖ್ಯ ಕಾಲು ಇರುತ್ತವೆ. ನೆಲದ ಮೇಲೆ ಅನಿವಾರ್ಯವಾದ ಈ ಕಾಲುಗಳು ಆಕಾಶದಲ್ಲಿ ಬರಿಯ ಹೊರೆ. ಓಡುವ ರೈಲಿನ ಕಿಟಕಿಯಿಂದ ಕೈ ಚಾಚಿದರೆ ಗಾಳಿ ಹಿಂದಕ್ಕೆ ತಳ್ಳುವುದನ್ನು ನಾವೆಲ್ಲರೂ ಅನುಭವಿಸಿದ್ದೇವೆ. ಅದರ ಹಲವು ಪಟ್ಟು ವೇಗದಲ್ಲಿ ಸಾಗುವ ವಿಮಾನಕ್ಕೆ ತೂಗಾಡುವ ಕಾಲುಗಳು ಒಡ್ಡುವ ತಡೆ ಬಹಳ ದೊಡ್ಡದು. ಅದರಿಂದ ವೇಗ ಕುಂದುತ್ತದೆ, ಇಂಧನ ವ್ಯರ್ಥವಾಗುತ್ತದೆ. ಆದುದರಿಂದಲೇ ಕಾಲುಗಳನ್ನು ಒಳಗೆ ಮಡಚಿಟ್ಟುಕೊಳ್ಳುವ ವಿಧಾನ 1930ರ ದಶಕದಿಂದ ಬಳಕೆಗೆ ಬಂದಿತು. ಕಲ್ಯಾಣ್ ಸಮೀಪದ ನೆವಾಲಿಯಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಪಟ್ಟಿ ರೂಪುಗೊಂಡಾಗ ಯುದ್ಧವಿಮಾನಗಳಲ್ಲಿ ಮಡಚುವ ಕಾಲುಗಳು ಸಾಮಾನ್ಯ ಸಂಗತಿಯಾಗಿದ್ದವು.

ಅನುಕೂಲದ ಜೊತೆಗೇ ಒಂದು ಹೊಸ ಅಪಾಯವೂ ಬಂದಿತು. ಮಡಚಿದ್ದನ್ನು ಮತ್ತೆ ಬಿಡಿಸಲೇಬೇಕು. ವಿದ್ಯುತ್ ಮೋಟಾರು, ಹೈಡ್ರಾಲಿಕ್ ತೈಲದ ಒತ್ತಡ, ಕೊಂಡಿ, ಬಾಗಿಲು, ಸ್ವಿಚ್ಚು ಇವುಗಳಲ್ಲಿ ಯಾವುದು ಕೈಕೊಟ್ಟರೂ ಕಾಲು ಇಳಿಯದೆ ಹೋಗಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಇಳಿಸಬೇಕಾದ ಮನುಷ್ಯನೇ ಮರೆತುಬಿಡಬಹುದು. ಇದಕ್ಕೆ ಬದಲಿ ವ್ಯವಸ್ಥೆಗಳನ್ನೂ ಮಾಡಲಾಗಿದೆ. ಚಿಕ್ಕ ವಿಮಾನಗಳಲ್ಲಿ ಕೈಯಿಂದ ನಡೆಸುವ ಪಂಪು ಅಥವಾ ಹಿಡಿ ಇರುತ್ತದೆ. ದೊಡ್ಡ ಜೆಟ್ ವಿಮಾನಗಳಲ್ಲಿ ಕೊಂಡಿ ಬಿಚ್ಚಿದರೆ ಕಾಲುಗಳು ತಮ್ಮ ಭಾರದಿಂದಲೇ ಕೆಳಗೆ ಬೀಳುತ್ತವೆ. ಚಕ್ರ ಇಳಿಸದೆ ವೇಗ ತಗ್ಗಿಸಿದರೆ ಎಚ್ಚರಿಕೆಯ ಸದ್ದು ಮೊಳಗುತ್ತದೆ.

ಹಸಿರು ದೀಪ ಹೇಳದ ಸಂಗತಿ

ಪೈಲಟರ ಮುಂದಿನ ಫಲಕದಲ್ಲಿ ಸಾಮಾನ್ಯವಾಗಿ ಮೂರು ಹಸಿರು ದೀಪಗಳಿರುತ್ತವೆ. ಮೂರೂ ಬೆಳಗಿದರೆ ಮೂರು ಕಾಲುಗಳೂ ಇಳಿದು ಭದ್ರವಾಗಿ ಕೊಂಡಿ ಬಿದ್ದಿವೆ ಎಂದರ್ಥ. ಇಲ್ಲಿ ಓದುಗರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆ ದೀಪ ಹೇಳುವುದು ಕಾಲಿನ ಸ್ಥಿತಿಯನ್ನು ಮಾತ್ರ. ಕಾಲಿನ ತುದಿಯಲ್ಲಿ ಚಕ್ರ ಇದೆಯೋ ಇಲ್ಲವೋ ಎಂಬುದು ಅದಕ್ಕೆ ತಿಳಿಯದು. ಚಕ್ರ ಕಳಚಿಹೋದ ಕಾಲೂ ಸರಿಯಾಗಿ ಇಳಿದು ನಿಂತರೆ ದೀಪ ಹಸಿರಾಗಿಯೇ ಬೆಳಗೀತು.

ಹಾಗಾದರೆ ನಾಗಪುರದಲ್ಲಿ ಕೆಳಗಿದ್ದ ಆ ಕಾನ್‌ಸ್ಟೇಬಲ್ ಕಂಡದ್ದನ್ನು ಹೇಳದೆ ಇದ್ದಿದ್ದರೆ ಏನಾಗುತ್ತಿತ್ತು? ಹೈದರಾಬಾದಿನಲ್ಲಿ ಎಂದಿನಂತೆ ಕಾಲು ಚಾಚಿ ವಿಮಾನವು ಇಳಿಯಬಹುದಾಗಿತ್ತು. ಗಂಟೆಗೆ 150 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಒಂದು ಬದಿಗೆ ಚಕ್ರ, ಇನ್ನೊಂದು ಬದಿಗೆ ಬೋಳು ಉಕ್ಕಿನ ಕಾಲು. ಆ ಕಾಲು ನೆಲಕ್ಕೆ ಕಚ್ಚಿಕೊಂಡೊಡನೆ ವಿಮಾನ ಆ ಬದಿಗೆ ಗಕ್ಕನೆ ತಿರುಗಿ, ರೆಕ್ಕೆ ನೆಲಕ್ಕೆ ಬಡಿಯುವ ಸಂಭವ ಬಹಳ. ಕಿಂಗ್ ಏರ್‌ನ ಇಂಧನ ಇರುವುದು ರೆಕ್ಕೆಗಳಲ್ಲಿಯೇ. ಹೊರಗೆ ಸಿದ್ಧತೆಯಿಲ್ಲ, ಒಳಗಿದ್ದವರಿಗೆ ಮುನ್ಸೂಚನೆಯಿಲ್ಲ, ಮಂಚದ ಮೇಲೆ ಮಲಗಿದ ರೋಗಿಗೆ ಓಡುವ ಶಕ್ತಿಯಿಲ್ಲ. ಕಂಡದ್ದನ್ನು ಹೇಳಿದ ಆ ಒಂದು ಮಾತಿನಿಂದ ಪೈಲಟರಿಗೆ ದೊರೆತದ್ದು ಸಮಯ. ಮುಂದಿನ ಎಲ್ಲ ಸಿದ್ಧತೆಗಳೂ ಆ ಸಮಯದೊಳಗೆ ನಡೆದವು.

ಸಮಯ ಸಿಕ್ಕಾಗ ಮಾಡುವುದೇನು?

ಮೊದಲನೆಯದು, ಇಳಿಯುವ ಸ್ಥಳದ ಆಯ್ಕೆ. ಉದ್ದ ಹಾಗೂ ಅಗಲವಾದ ರನ್‌ವೇ, ಸಮರ್ಥ ಅಗ್ನಿಶಾಮಕ ದಳ, ಸಮೀಪದಲ್ಲಿ ದೊಡ್ಡ ಆಸ್ಪತ್ರೆಗಳು ಇರುವ ನಿಲ್ದಾಣ ಇಂಥ ಹೊತ್ತಿನಲ್ಲಿ ಒಳ್ಳೆಯದು. ಮುಂಬಯಿಯ ಮುಖ್ಯ ರನ್‌ವೇ ಸುಮಾರು 3.4 ಕಿ.ಮೀ. ಉದ್ದವಿದೆ. ರನ್‌ವೇಯ ಯಾವುದೇ ಮೂಲೆಗೆ ಅಗ್ನಿಶಾಮಕ ವಾಹನಗಳು ಮೂರು ನಿಮಿಷಗಳೊಳಗೆ ತಲುಪಬೇಕೆಂಬುದು ಅಂತಾರಾಷ್ಟ್ರೀಯ ನಿಯಮ. ಮುಂಚಿತವಾಗಿ ತಿಳಿದಿದ್ದರೆ ಅವು ರನ್‌ವೇಯ ಅಂಚಿನಲ್ಲಿಯೇ ಕಾದು ನಿಂತಿರುತ್ತವೆ.

ಎರಡನೆಯದು, ಇಂಧನವನ್ನು ಕಡಿಮೆ ಮಾಡುವುದು. ಕೆಲವು ಭಾರೀ ವಿಮಾನಗಳಿಗೆ ಆಕಾಶದಲ್ಲಿಯೇ ಇಂಧನವನ್ನು ಚೆಲ್ಲುವ ಸೌಲಭ್ಯವಿದೆ. ಸಣ್ಣ ವಿಮಾನಗಳಿಗೆ ಅದಿಲ್ಲ, ಹಾರಾಡುತ್ತಲೇ ಸುಡಬೇಕು. ಇಂಧನ ಕಡಿಮೆಯಾದಷ್ಟೂ ಬೆಂಕಿಯ ಭಯ ಕಡಿಮೆ, ವಿಮಾನ ಹಗುರವಾದಷ್ಟೂ ಇಳಿಯುವ ವೇಗವೂ ಕಡಿಮೆ. ನಾಗಪುರದಿಂದ ಮುಂಬಯಿಗೆ ಆಕಾಶಮಾರ್ಗದಲ್ಲಿ 700 ಕಿ.ಮೀ.ಗೆ ಸಮೀಪದ ದೂರವೆಂಬುದನ್ನು ಇಲ್ಲಿ ನೆನೆಯಬಹುದು.

ಮೂರನೆಯದು, ಕಾಲುಗಳನ್ನು ಚಾಚಬೇಕೇ ಬೇಡವೇ ಎಂಬ ನಿರ್ಧಾರ. ಉಳಿದ ಚಕ್ರಗಳು ಸರಿ ಇರುವಾಗ ಅವನ್ನಾದರೂ ಬಳಸಬಾರದೇ ಎಂದು ನಮಗೆ ತೋರಬಹುದು. ಆದರೆ ಒಂದು ಬದಿ ಎತ್ತರ, ಇನ್ನೊಂದು ಬದಿ ತಗ್ಗು ಆದಾಗ ವಿಮಾನ ನೇರವಾಗಿ ಸಾಗದು. ಎಲ್ಲ ಕಾಲುಗಳನ್ನೂ ಮಡಚಿಕೊಂಡರೆ ಹೊಟ್ಟೆಯ ಭಾಗ ಎರಡೂ ಬದಿಗೆ ಸಮನಾಗಿ ಉಜ್ಜುತ್ತ, ನೇರವಾಗಿ ಜಾರಿ ನಿಲ್ಲುತ್ತದೆ. ವಿಮಾನದ ತಳ ಜಖಂಗೊಳ್ಳುತ್ತದೆ, ಪ್ರೊಪೆಲ್ಲರಿನ ಅಲಗುಗಳು ನೆಲಕ್ಕೆ ತಾಗಿ ಬಾಗುತ್ತವೆ, ಎಂಜಿನುಗಳನ್ನು ಬಿಚ್ಚಿ ಪರೀಕ್ಷಿಸಬೇಕಾಗುತ್ತದೆ. ಆದರೆ ವಿಮಾನ ಹಾಳಾದರೂ ಸರಿ, ಮನುಷ್ಯರು ಉಳಿಯಬೇಕೆಂಬುದು ಈ ನಿರ್ಧಾರದ ಸಾರ.

ಯಾವ ಕಾಲು ಕೈಕೊಟ್ಟಿತೆಂಬುದರ ಮೇಲೆ ಈ ನಿರ್ಧಾರ ಬದಲಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಉದಾಹರಣೆಯಿದೆ. 2023ರ ಜುಲೈ 11ರಂದು ಎಚ್.ಎ.ಎಲ್. ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಹೊರಟ ಪ್ರೀಮಿಯರ್-1ಎ ಎಂಬ ಪುಟ್ಟ ಜೆಟ್ ವಿಮಾನ ಮುಂಗಾಲಿನ ತೊಂದರೆಯಿಂದಾಗಿ ಹಿಂದಿರುಗಬೇಕಾಯಿತು. ಅದರಲ್ಲಿದ್ದವರು ಇಬ್ಬರು ಪೈಲಟರು ಮಾತ್ರ, ಪ್ರಯಾಣಿಕರಿರಲಿಲ್ಲ. ಅಲ್ಲಿ ಎಡಬಲದ ಮುಖ್ಯ ಕಾಲುಗಳು ಸರಿಯಾಗಿದ್ದು, ಮೂಗಿನ ಕಾಲು ಮಾತ್ರ ಮೇಲೆಯೇ ಉಳಿದಿತ್ತು. ಇಂಥಲ್ಲಿ ಮುಖ್ಯ ಚಕ್ರಗಳ ಮೇಲೆ ಇಳಿದು, ವೇಗ ಕುಂದುವ ತನಕ ಮೂಗನ್ನು ಎತ್ತಿ ಹಿಡಿದು, ಬಳಿಕ ಮೆಲ್ಲನೆ ನೆಲಕ್ಕೆ ತಾಗಿಸುವುದು ರೂಢಿ. ವಿಮಾನ ಮೂಗಿನ ಮೇಲೆ ಜಾರಿ ನಿಂತಿತು; ಇಬ್ಬರೂ ಸುರಕ್ಷಿತರಾಗಿದ್ದರು.

ನಾಲ್ಕನೆಯದು, ನೊರೆ. ಇದರ ಬಗ್ಗೆ ತಪ್ಪು ತಿಳಿವಳಿಕೆ ಇದೆ. ನೊರೆಯೆಂದರೆ ವಿಮಾನಕ್ಕೆ ಹಾಸಿದ ಮೆತ್ತೆಯಲ್ಲ. ಲೋಹ ಉಜ್ಜುವಾಗ ಹಾರುವ ಕಿಡಿಗಳನ್ನು ತಣಿಸುವುದು, ಚೆಲ್ಲಿದ ಇಂಧನಕ್ಕೆ ಬೆಂಕಿ ಹತ್ತದಂತೆ ತಡೆಯುವುದು ಅದರ ಉದ್ದೇಶ. ನೊರೆ ಬೇಗ ಆರಿಹೋಗುತ್ತದೆ. ಅದನ್ನು ಹರಡಿದ ವಾಹನಗಳನ್ನು ಮತ್ತೆ ತುಂಬಿಸಿಕೊಳ್ಳಬೇಕು. ಹಾಗಾಗಿ ಎಲ್ಲ ದೇಶಗಳೂ ಇದನ್ನು ಕಡ್ಡಾಯವೆಂದು ಎಣಿಸುವುದಿಲ್ಲ. ನೊರೆ ಹಾಸಬೇಕಿದ್ದರೂ ಮುನ್ಸೂಚನೆ ಬೇಕೇ ಬೇಕು.

ಅರಿತು ಇಳಿಯುವುದು, ಅರಿಯದೆ ಇಳಿಯುವುದು

ಚಕ್ರವಿಲ್ಲದ ಭೂಸ್ಪರ್ಶ ದೊಡ್ಡ ವಿಮಾನಗಳಿಗೂ ತಪ್ಪಿದ್ದಲ್ಲ. 2011ರ ನವೆಂಬರ್ 1ರಂದು ಪೋಲೆಂಡಿನ ವಾರ್ಸಾದಲ್ಲಿ ಬೋಯಿಂಗ್ 767 ವಿಮಾನವೊಂದರ ಯಾವ ಕಾಲೂ ಇಳಿಯಲಿಲ್ಲ. ಒಳಗೆ 231 ಮಂದಿ ಇದ್ದರು. ಕ್ಯಾಪ್ಟನ್ ತಾದೇವುಷ್ ವ್ರೋನಾ ಅವರು ಇಂಧನ ಸುಡಲು ಒಂದು ಗಂಟೆಗೂ ಮಿಕ್ಕಿ ಆಕಾಶದಲ್ಲಿ ಸುತ್ತಿ, ಕೆಳಗಿನ ಸಿದ್ಧತೆ ಪೂರ್ಣವಾದ ಮೇಲೆ ಹೊಟ್ಟೆಯ ಮೇಲೆ ಇಳಿಸಿದರು. ಒಬ್ಬರಿಗೂ ಗಂಭೀರ ಗಾಯವಾಗಲಿಲ್ಲ.

ಇದಕ್ಕೆ ತೀರ ವಿರುದ್ಧವಾದುದು 2020ರ ಮೇ 22ರಂದು ಕರಾಚಿಯಲ್ಲಿ ನಡೆಯಿತು. ಲಾಹೋರಿನಿಂದ ಬಂದ ಏರ್‌ಬಸ್ ಎ-320 ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ, ಬಹಳ ವೇಗದಲ್ಲಿ ರನ್‌ವೇಯನ್ನು ಸಮೀಪಿಸಿತು. ಎತ್ತರ ಹೆಚ್ಚಾಯಿತೆಂಬ ನಿಯಂತ್ರಣ ಕೊಠಡಿಯ ಮಾತಿಗೂ ವಿಮಾನದೊಳಗೆ ಮೊಳಗುತ್ತಿದ್ದ ಎಚ್ಚರಿಕೆಯ ಸದ್ದುಗಳಿಗೂ ಪೈಲಟರು ಕಿವಿಗೊಡಲಿಲ್ಲ. ಮೊದಲು ಇಳಿಸಿದ್ದ ಚಕ್ರಗಳು ಮತ್ತೆ ಮೇಲಕ್ಕೆ ಹೋಗಿದ್ದವು. ವಿಮಾನದ ಎರಡೂ ಎಂಜಿನುಗಳು ಕಿಡಿಕಾರುತ್ತ ರನ್‌ವೇಗೆ ಉಜ್ಜಿದವು. ನಿಲ್ಲಿಸದೆ ಮತ್ತೆ ಮೇಲಕ್ಕೇರಿದ ವಿಮಾನದ ಪೆಟ್ಟುತಿಂದ ಎಂಜಿನುಗಳು ಕೆಲವೇ ನಿಮಿಷಗಳಲ್ಲಿ ನಿಂತುಹೋದವು. ವಿಮಾನ ವಸತಿ ಪ್ರದೇಶದ ಮೇಲೆ ಬಿದ್ದಿತು. ಒಳಗಿದ್ದ 99 ಮಂದಿಯಲ್ಲಿ 97 ಮಂದಿ ಸತ್ತರು. ನೆಲದಿಂದ ಕಿಡಿಗಳನ್ನು ಕಂಡಿದ್ದ ನಿಯಂತ್ರಕರ ಮಾತು ಪೈಲಟರಿಗೆ ತಲುಪಿರಲಿಲ್ಲವೆಂದು ಪ್ರಾಥಮಿಕ ತನಿಖಾ ವರದಿ ತಿಳಿಸಿತು.

ನಾಗಪುರದಲ್ಲಿ ಒಬ್ಬರು ಕಂಡರು, ಹೇಳಿದರು. ಪೈಲಟರು ಅದನ್ನು ನಂಬಿ ನಡೆದುಕೊಂಡರು. ಕರಾಚಿಯಲ್ಲಿ ಕಂಡದ್ದು ತಲುಪಲಿಲ್ಲ, ತಲುಪಿದ್ದನ್ನು ಕೇಳಲಿಲ್ಲ. ಚಕ್ರವಿಲ್ಲದಿರುವುದಷ್ಟೇ ಕೊಲ್ಲುವುದಿಲ್ಲ. ಚಕ್ರವಿಲ್ಲವೆಂಬುದು ತಿಳಿಯದಿರುವುದು ಕೊಲ್ಲುತ್ತದೆ.

ಕರಾವಳಿಯ ಮೂಲದ ನಮ್ಮ ಓದುಗರಿಗೆ ಮೇ 22 ಎಂಬ ದಿನಾಂಕ ಬೇರೊಂದು ನೋವನ್ನೂ ನೆನಪಿಸುತ್ತದೆ. ಸರಿಯಾಗಿ ಹತ್ತು ವರ್ಷಗಳ ಹಿಂದೆ, 2010ರ ಅದೇ ದಿನ ಮಂಗಳೂರಿನ ಬಜಪೆಯಲ್ಲಿ ದುಬಾಯಿಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಮಡಿದರು. ಬದುಕುಳಿದವರು ಎಂಟೇ ಮಂದಿ. ಅಲ್ಲಿ ಚಕ್ರಗಳು ಇಳಿದಿದ್ದವು. ಅದು ಬೇರೆ ಬಗೆಯ ಅಪಘಾತ. ಆದರೂ ಮೂಲದಲ್ಲಿ ಒಂದು ಸಾಮ್ಯವಿದೆ. ಇಳಿಯಬೇಡಿ, ಮತ್ತೆ ಮೇಲಕ್ಕೇರಿ ಎಂದು ಸಹಪೈಲಟರು ಮೂರು ಬಾರಿ ಹೇಳಿದ್ದರೂ, ಯಂತ್ರದ ಎಚ್ಚರಿಕೆಗಳು ಕೇಳಿಬಂದಿದ್ದರೂ ಕ್ಯಾಪ್ಟನ್ ಇಳಿಸುವುದನ್ನೇ ಮುಂದುವರಿಸಿದರೆಂದು ತನಿಖಾ ನ್ಯಾಯಾಲಯ ಕಂಡುಕೊಂಡಿತು. ಹಿರಿಯರಿಗೆ ಕಿರಿಯರು ಹೇಳುವುದು ಹೇಗೆ ಎಂಬ ಸಂಕೋಚ ನಮ್ಮ ಮನೆಗಳಲ್ಲಿಯೂ ಇದೆ, ಕಚೇರಿಗಳಲ್ಲಿಯೂ ಇದೆ. ವಿಮಾನದ ಕಾಕ್‌ಪಿಟ್‌ನಲ್ಲಿ ಆ ಸಂಕೋಚವೂ, ಕಿರಿಯರ ಮಾತನ್ನು ಕೇಳದ ಹಿರಿತನವೂ ಪ್ರಾಣಾಂತಿಕ. ಆದುದರಿಂದಲೇ ಪೈಲಟರಿಗೆ ಕಿರಿಯರು ಧೈರ್ಯವಾಗಿ ಹೇಳುವ, ಹಿರಿಯರು ಒಡನೆ ಕೇಳುವ ತರಬೇತಿಯನ್ನು ವಿಶೇಷವಾಗಿ ನೀಡಲಾಗುತ್ತದೆ.

ಪ್ರಯಾಣಿಕರಾದ ನಮಗೆ

ಇವೆಲ್ಲ ಪೈಲಟರ, ಎಂಜಿನಿಯರರ ವಿಷಯ, ನಮಗೇನು ಎಂದು ಕೇಳಬಹುದು. ನಮಗೂ ಇದರಲ್ಲಿ ಪಾಲಿದೆ.

ಸೀಟಿನ ಬೆಲ್ಟನ್ನು ಸೊಂಟದ ಕೆಳಭಾಗಕ್ಕೆ ಬಿಗಿಯಾಗಿ ಕಟ್ಟಿಕೊಳ್ಳಬೇಕು. ಸಿಬ್ಬಂದಿ ಸೂಚಿಸಿದಾಗ ಮುಂದಕ್ಕೆ ಬಾಗಿ ತಲೆಯನ್ನು ರಕ್ಷಿಸಿಕೊಳ್ಳುವ ಭಂಗಿಯನ್ನು ಸೀಟಿನ ಮುಂದಿರುವ ಕಾರ್ಡಿನಲ್ಲಿ ನೋಡಿ ಕಲಿತಿರಬೇಕು. ತುರ್ತು ದ್ವಾರ ನಮ್ಮ ಸಾಲಿನಿಂದ ಎಷ್ಟನೆಯದೆಂದು ಎಣಿಸಿಟ್ಟುಕೊಂಡರೆ ಹೊಗೆಯಲ್ಲಿಯೂ ಕೈಯಿಂದ ತಡವಿ ತಲುಪಬಹುದು. ನಮ್ಮ ಹಿರಿಯರು ಜೊತೆಗಿದ್ದರೆ ಈ ಮಾತುಗಳನ್ನು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಅವರಿಗೆ ತಿಳಿಯುವಂತೆ ಹೇಳುವುದು ಮಕ್ಕಳ ಕರ್ತವ್ಯ. ಇಂಗ್ಲಿಷ್, ಹಿಂದಿ ಘೋಷಣೆ ಅವರಿಗೆ ಅರ್ಥವಾಗಿರಲಿಕ್ಕಿಲ್ಲ.

ಇನ್ನೊಂದು ಮುಖ್ಯ ಮಾತು: ಕೈಚೀಲವನ್ನು ಬಿಟ್ಟು ಓಡಬೇಕು. ದೊಡ್ಡ ವಿಮಾನಗಳನ್ನು, ಅರ್ಧದಷ್ಟು ದ್ವಾರಗಳು ಮಾತ್ರ ತೆರೆದರೂ 90 ಸೆಕೆಂಡುಗಳಲ್ಲಿ ಎಲ್ಲರೂ ಹೊರಬರುವಂತೆ ರೂಪಿಸಲಾಗಿರುತ್ತದೆ. ಮೇಲಿನಿಂದ ಚೀಲ ಇಳಿಸಿಕೊಳ್ಳುತ್ತ ನಿಂತರೆ ಆ ಲೆಕ್ಕವೆಲ್ಲ ತಲೆಕೆಳಗು. 2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಉರಿಯುತ್ತಿದ್ದ ಪ್ರಯಾಣಿಕ ವಿಮಾನದಿಂದ ಎಲ್ಲ 379 ಮಂದಿ ಜೀವಸಹಿತ ಹೊರಬಂದರು. ಸಿಬ್ಬಂದಿಯ ಮಾತನ್ನು ಕೇಳಿ ಸಾಮಾನುಗಳನ್ನು ಬಿಟ್ಟು ಬಂದದ್ದು ಅದಕ್ಕೊಂದು ದೊಡ್ಡ ಕಾರಣ.

ಕೊನೆಯದಾಗಿ, ಕಿಟಕಿಯ ಬಳಿ ಕುಳಿತಾಗ ಏನಾದರೂ ಅಸಹಜವಾದುದು ಕಂಡರೆ, ತೈಲ ಸೋರುವುದೋ, ಕಿಡಿ ಹಾರುವುದೋ, ಏನೋ ಕಳಚಿ ಬೀಳುವುದೋ, ಸಿಬ್ಬಂದಿಗೆ ಒಡನೆ ತಿಳಿಸಬೇಕು. ಅವರಿಗೆ ಗೊತ್ತಿರಲಾರದೇ, ಹೇಳಿ ನಗೆಪಾಟಲಾಗುವುದೇಕೆ ಎಂದು ಸುಮ್ಮನಿರಬಾರದು. ನಾಗಪುರದ ಆ ಕಾವಲುಗಾರ ವಿಮಾನದ ತಜ್ಞರಲ್ಲ. ತಮ್ಮ ಕೆಲಸವಲ್ಲವೆಂದು ಅವರು ಸುಮ್ಮನಿರಬಹುದಿತ್ತು. ಕಣ್ಣು ತೆರೆದಿಟ್ಟುಕೊಂಡು, ಕಂಡದ್ದನ್ನು ಸರಿಯಾದವರಿಗೆ ತಲುಪಿಸಿದ್ದೇ ಅವರು ಮಾಡಿದ ಉಪಕಾರ. ಪೈಲಟರ ಕೌಶಲವನ್ನು ಕೊಂಡಾಡುವಾಗ ಆ ಮಾತಿನ ಬೆಲೆಯನ್ನೂ ನಾವು ಮರೆಯಬಾರದು.

ಮುಂದಿನ ಬಾರಿ ಥಾಣೆ ಖಾಡಿಯ ಮೇಲೆ ವಿಮಾನವೊಂದು ಚಕ್ರ ಚಾಚಿ ಇಳಿಯುವುದನ್ನು ಮಕ್ಕಳು ತೋರಿಸಿದಾಗ, ಈ ಸಂಗತಿಯನ್ನು ಅವರಿಗೂ ತಿಳಿಸಿ ಹೇಳೋಣ.